ಹಲ್ಲು, ನಾಲಿಗೆ, ಬಾಯಿಹುಣ್ಣು: ಸೀಲಿಯಾಕ್ ಕಾಯಿಲೆಯ ಸುಳಿವನ್ನು ಬಾಯಿಯಲ್ಲೇ ಗುರುತಿಸುವುದು ಹೇಗೆ?

ಈ ಮಾರ್ಗದರ್ಶಿಯನ್ನು ಪೂರ್ತಿ ಓದಲು ಬಿಡುವಿಲ್ಲದವರು ಇದೊಂದು ಮಾತನ್ನಾದರೂ ನೆನಪಿಟ್ಟುಕೊಳ್ಳಿ. ನಿಮಗೋ ನಿಮ್ಮ ಮಗುವಿಗೋ ಸೀಲಿಯಾಕ್ ಕಾಯಿಲೆ ಇರಬಹುದು ಎಂಬ ಅನುಮಾನ ಬಂದರೆ, ರಕ್ತಪರೀಕ್ಷೆ ಮುಗಿಯುವ ತನಕ ಗೋಧಿ ತಿನ್ನುವುದನ್ನು ನಿಲ್ಲಿಸಬೇಡಿ. ಗೋಧಿಯಲ್ಲಿರುವ ಗ್ಲುಟೆನ್ ಬಿಟ್ಟ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತಾ ಹೋಗುತ್ತವೆ, ಕರುಳು ಗುಣವಾಗತೊಡಗುತ್ತದೆ. ಆಗ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬರಬಹುದು. ಬಾಯಿಯ ಲಕ್ಷಣ ನೋಡಿ ಎಚ್ಚೆತ್ತುಕೊಂಡವರು ಎಡವುವುದು ಹೆಚ್ಚಾಗಿ ಇಲ್ಲೇ.

ಸೀಲಿಯಾಕ್ ಎಂದರೆ ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುವ ಕಾಯಿಲೆ. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಜಗತ್ತಿನಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಇದೆ ಎಂಬುದು ಒಪ್ಪಿತ ಅಂದಾಜು, ಆದರೆ ಅವರಲ್ಲಿ ಬಹಳಷ್ಟು ಮಂದಿಗೆ ತಮಗಿದೆ ಎಂಬುದೇ ಗೊತ್ತಿಲ್ಲ. ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಯುವುದು ಎಲ್ಲರಲ್ಲೂ ಕಾಣಿಸಿಕೊಳ್ಳುವುದಿಲ್ಲ. ಹೊಟ್ಟೆ ಸುಮ್ಮನಿದ್ದು ಬಾಯಿ ಮಾತ್ರ ಸುಳಿವು ಕೊಡುತ್ತಿರುವವರಿಗಾಗಿಯೇ ಈ ಬರಹ.

ಹಂತ 1: ನೋಡುವ ಮುನ್ನ

ಹಲ್ಲುಜ್ಜಿ ಬಾಯಿ ಮುಕ್ಕಳಿಸಿ. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಕೂತು ನೋಡುವುದು ಒಳ್ಳೆಯದು, ಹಳದಿ ದೀಪದಲ್ಲಿ ಹಲ್ಲಿನ ನಿಜವಾದ ಬಣ್ಣ ತಿಳಿಯುವುದಿಲ್ಲ. ಮುಂದಿನ ಹಲ್ಲುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಆದರೆ ಬಹಳ ಹೊತ್ತು ಒಣಗಲು ಬಿಡಬೇಡಿ, ಒಣಗಿದರೆ ಆರೋಗ್ಯವಾದ ಹಲ್ಲಿನಲ್ಲೂ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು, ಎಡ, ಬಲ ಎಂದು ನಾಲ್ಕು ಭಾಗ ಮಾಡಿಕೊಂಡು ಒಂದೊಂದನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹುಣ್ಣುಗಳ ವಿಷಯದಲ್ಲಂತೂ ಫೋಟೋ ಬೇಕೇ ಬೇಕು, ಏಕೆಂದರೆ ವೈದ್ಯರ ಬಳಿ ಹೋಗುವ ಹೊತ್ತಿಗೆ ಅವು ಮಾಯವಾಗಿರುತ್ತವೆ.

ಹಂತ 2: ಎನಾಮಲ್‌ನಲ್ಲಿ ಜೋಡಿ ಗುರುತು ಹುಡುಕಿ

ಎನಾಮಲ್ ಎಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ. ಬಾಯಿಯ ಎಲ್ಲ ಲಕ್ಷಣಗಳ ಪೈಕಿ ನಾನು ಹೆಚ್ಚು ತೂಕ ಕೊಡುವುದು ಇದಕ್ಕೆ. ಹುಣ್ಣು ಬರುತ್ತದೆ, ಹೋಗುತ್ತದೆ. ನಾಲಿಗೆಯ ಬಣ್ಣವೂ ಬದಲಾಗುತ್ತದೆ. ಎನಾಮಲ್ ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗಿರುತ್ತವೆ. ಹಾಗಾಗಿ ಕಟ್ಟುವಾಗ ಆದ ಊನವನ್ನು ದೇಹ ಮುಂದೆಂದೂ ಸರಿಪಡಿಸಲಾರದು. ಐವತ್ತರ ವಯಸ್ಸಿನ ವ್ಯಕ್ತಿಯ ಮುಂಬಾಚಿ ಹಲ್ಲಿನಲ್ಲೂ ಅವರ ಎರಡನೆಯ ವರ್ಷದ ಅನಾರೋಗ್ಯದ ಗುರುತು ಹಾಗೇ ಉಳಿದಿರುತ್ತದೆ.

ಏನು ಹುಡುಕಬೇಕು? ಎರಡು ಸಂಗತಿ: ಜೋಡಿ ಮತ್ತು ಎತ್ತರ.

ಜೋಡಿ ಎಂದರೆ ಎಡಗಡೆಯ ಹಲ್ಲಿನಲ್ಲಿ ಇರುವ ದೋಷ ಬಲಗಡೆಯ ಅದೇ ಹಲ್ಲಿನಲ್ಲೂ ಇರಬೇಕು. ಎಡ ಬಲದ ಒಂದೇ ಜಾತಿಯ ಹಲ್ಲುಗಳು ದವಡೆಯೊಳಗೆ ಒಂದೇ ಕಾಲಕ್ಕೆ ರೂಪುಗೊಳ್ಳುತ್ತವೆ. ಇಡೀ ದೇಹಕ್ಕೆ ಆದ ತೊಂದರೆ ಎರಡರ ಮೇಲೂ ಒಟ್ಟಿಗೆ ಗುರುತು ಬಿಡುತ್ತದೆ. ಒಂದೇ ಹಲ್ಲಿನಲ್ಲಿ ಮಾತ್ರ ಕಲೆಯಿದ್ದರೆ ಅದು ಬಹುತೇಕ ಚಿಕ್ಕಂದಿನಲ್ಲಿ ಬಿದ್ದ ಪೆಟ್ಟಿನಿಂದಲೋ, ಮೇಲಿದ್ದ ಹಾಲುಹಲ್ಲಿನ ಸೋಂಕಿನಿಂದಲೋ ಆದದ್ದು.

ಎತ್ತರ ಎಂದರೆ ದೋಷವು ಹಲ್ಲಿನ ತುದಿಯ ಬಳಿ ಇದೆಯೋ, ನಡುವೆಯೋ, ವಸಡಿನ ಬಳಿಯೋ ಎಂಬುದು. ಎನಾಮಲ್ ತುದಿಯಿಂದ ಶುರುವಾಗಿ ವಸಡಿನ ಕಡೆಗೆ ಕಟ್ಟಿಕೊಳ್ಳುತ್ತಾ ಬರುತ್ತದೆ. ತುದಿಯ ಗುರುತು ಹಳೆಯದು, ವಸಡಿನ ಬಳಿಯದು ಆಮೇಲಿನದು. ಶಾಶ್ವತ ಹಲ್ಲುಗಳ ಪೈಕಿ ಮೊದಲ ದವಡೆಹಲ್ಲಿನ ಎನಾಮಲ್ ಹುಟ್ಟಿನ ಆಸುಪಾಸಿನಲ್ಲಿ ಶುರುವಾಗಿ ಎರಡೂವರೆ, ಮೂರು ವರ್ಷಕ್ಕೆ ಮುಗಿಯುತ್ತದೆ. ನಡುವಿನ ಬಾಚಿಹಲ್ಲಿನದು 3–4 ತಿಂಗಳಿಗೆ ಆರಂಭವಾಗಿ 4–5 ವರ್ಷಕ್ಕೆ ಮುಗಿದರೆ, ಕೋರೆಹಲ್ಲಿನದು 6–7 ವರ್ಷದವರೆಗೂ ಸಾಗುತ್ತದೆ. ಎರಡನೆಯ ದವಡೆಹಲ್ಲು ಪೂರ್ಣವಾಗುವುದು 7–8 ವರ್ಷಕ್ಕೆ. ಆಮೇಲೆ ಉಳಿಯುವುದು ಬುದ್ಧಿಹಲ್ಲು ಮಾತ್ರ.

ಇದರಿಂದ ಮೂರು ಮಾತು ತಾನಾಗಿಯೇ ಹೊರಡುತ್ತದೆ. ಮೊದಲನೆಯದು, ಗೋಧಿ ತಿನ್ನಲು ಶುರುಮಾಡಿದ ಒಂದೆರಡು ವರ್ಷದಲ್ಲೇ ಕಾಯಿಲೆ ತಗುಲಿದ ಮಗುವಿನಲ್ಲಿ ಗುರುತು ಹೆಚ್ಚಾಗಿ ಕಾಣುವುದು ಬಾಚಿಹಲ್ಲು ಮತ್ತು ಮೊದಲ ದವಡೆಹಲ್ಲುಗಳಲ್ಲಿ. ಎರಡನೆಯದು, ಹಾಲುಹಲ್ಲು ಸ್ವಚ್ಛವಾಗಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಹಾಲುಹಲ್ಲಿನ ಎನಾಮಲ್‌ನ ಹೆಚ್ಚಿನ ಪಾಲು ಗರ್ಭದಲ್ಲೇ ಕಟ್ಟಿ, ಮೊದಲ ಹುಟ್ಟುಹಬ್ಬದ ಹೊತ್ತಿಗೆ ಮುಗಿದುಹೋಗಿರುತ್ತದೆ. ಒಂದೂವರೆ ವರ್ಷದಲ್ಲಾದ ತೊಂದರೆ ಹೊರಗೆ ಕಾಣುವುದು ಶಾಶ್ವತ ಹಲ್ಲು ಮೂಡುವ 6–8 ವರ್ಷದಲ್ಲಿ. ಮೂರನೆಯದು, ಕಾಯಿಲೆ ಇಪ್ಪತ್ತೋ ಮೂವತ್ತೋ ವಯಸ್ಸಿನಲ್ಲಿ ಶುರುವಾಗಿದ್ದರೆ ಎನಾಮಲ್‌ನಲ್ಲಿ ಏನೂ ಇರುವುದಿಲ್ಲ. ಹಲ್ಲು ಚೆನ್ನಾಗಿದೆ ಎಂಬುದು ಕಾಯಿಲೆ ಇಲ್ಲ ಎಂಬುದಕ್ಕೆ ಪುರಾವೆಯಲ್ಲ.

ಎನಾಮಲ್ ಏಕೆ ಕೆಡುತ್ತದೆ ಎಂಬುದಕ್ಕೆ ಎರಡು ವಿವರಣೆಗಳಿವೆ. ಕರುಳು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಹೀರಿಕೊಳ್ಳದೆ ಖನಿಜದ ಕೊರತೆಯಾಗುತ್ತದೆ ಎಂಬುದು ಒಂದು. ಎನಾಮಲ್ ಕಟ್ಟುವ ಪ್ರಕ್ರಿಯೆಯನ್ನೇ ರೋಗನಿರೋಧಕ ವ್ಯವಸ್ಥೆ ಕೆಡಿಸುತ್ತದೆ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ಕೆಲಸ ಮಾಡುತ್ತಿರಬಹುದು.

ಹಂತ 3: ದೋಷ ಎಷ್ಟು ಆಳದ್ದು?

ದಂತವೈದ್ಯರು ಇದಕ್ಕೆ ಬಳಸುವ ಅಳತೆಗೋಲು ಫಿನ್ಲೆಂಡಿನ ಲೀಸಾ ಐನೆ 1986ರಲ್ಲಿ ಕೊಟ್ಟ ವರ್ಗೀಕರಣ. ಸೊನ್ನೆ ಎಂದರೆ ದೋಷವಿಲ್ಲ. ಮೊದಲ ದರ್ಜೆಯಲ್ಲಿ ಬಣ್ಣ ಮಾತ್ರ ಕೆಟ್ಟಿರುತ್ತದೆ: ಕೆನೆ, ಹಳದಿ ಅಥವಾ ಕಂದು ಮಚ್ಚೆ, ಹೊಳಪು ಮಾಸಿದ ಮೇಲ್ಮೈ. ಎರಡನೆಯದರಲ್ಲಿ ಉಗುರು ಆಡಿಸಿದರೆ ತರಿತರಿಯಾಗಿ ಸಿಗುತ್ತದೆ, ಅಡ್ಡಕ್ಕೆ ತೆಳು ಗೀರು, ಸಣ್ಣ ಗುಳಿಗಳಿರುತ್ತವೆ. ಮೂರನೆಯದರಲ್ಲಿ ಅಡ್ಡಗೀರು ಆಳವಾಗಿರುತ್ತದೆ, ಗುಳಿಗಳು ದೊಡ್ಡವಾಗಿ ದೂರಕ್ಕೂ ಕಾಣುತ್ತವೆ. ನಾಲ್ಕನೆಯದರಲ್ಲಿ ಹಲ್ಲಿನ ಆಕಾರವೇ ಬದಲಾಗಿ, ತುದಿ ಚೂಪಾಗಿ, ಎನಾಮಲ್ ತೆಳುವಾಗಿ ಗಾಢ ಬಣ್ಣಕ್ಕೆ ತಿರುಗಿರುತ್ತದೆ.

ಹೆಚ್ಚಿನವರಲ್ಲಿ ಕಾಣುವುದು ಮೊದಲೆರಡು ದರ್ಜೆಗಳು. ‘ಹಲ್ಲು ಸ್ವಲ್ಪ ಹಳದಿ, ಅಷ್ಟೇ’ ಎಂದು ಬಿಟ್ಟುಬಿಡುವುದೂ ಇವನ್ನೇ. ದರ್ಜೆಯನ್ನು ನೀವೇ ತೀರ್ಮಾನಿಸಬೇಕಾಗಿಲ್ಲ. ಆದರೆ ‘ಎರಡೂ ನಡುಬಾಚಿಯಲ್ಲಿ ಒಂದೇ ಎತ್ತರದಲ್ಲಿ ಅಡ್ಡಗೀರಿದೆ, ನಾಲ್ಕೂ ಮೊದಲ ದವಡೆಹಲ್ಲು ತರಿತರಿಯಾಗಿದೆ’ ಎಂದು ನೀವು ಹೇಳಿದರೆ ವೈದ್ಯರ ಗಮನ ನೇರವಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ.

ಹಂತ 4: ಹೋಲುವ ಬೇರೆ ತೊಂದರೆಗಳನ್ನು ಬದಿಗಿಡಿ

ಬಿಳಿ ಮಚ್ಚೆ ಕಂಡ ಕೂಡಲೇ ಸೀಲಿಯಾಕ್ ಎಂದು ಗಾಬರಿಯಾಗುವುದೂ ತಪ್ಪು. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಫ್ಲೋರೋಸಿಸ್, ಏಕೆಂದರೆ ಅದೂ ಎರಡೂ ಕಡೆ ಸಮವಾಗಿಯೇ ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು ಒಡಹುಟ್ಟಿದವರಿಗೂ ನೆರೆಯ ಮಕ್ಕಳಿಗೂ ಅದೇ ಬಗೆಯ ಹಲ್ಲಿದ್ದರೆ ಮೊದಲು ಅದನ್ನೇ ಯೋಚಿಸಬೇಕು. ಅದರ ಬಿಳುಪು ಅಂಚು ಕಾಣದಂತೆ ಹಲ್ಲಿನ ತುಂಬ ಹರಡಿಕೊಂಡಿರುತ್ತದೆ, ತೆಳು ಅಡ್ಡಗೆರೆಗಳು ಒಂದರೊಳಗೊಂದು ಬೆರೆತಿರುತ್ತವೆ. ಫ್ಲೋರೈಡ್ ಇರುವ ಪ್ರದೇಶದಲ್ಲಿ ಸೀಲಿಯಾಕ್ ಬರಬಾರದೆಂದೇನೂ ಇಲ್ಲ. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಬೇರೆ ಲಕ್ಷಣಗಳಿದ್ದರೆ ‘ನೀರಿನ ದೋಷ’ ಎಂಬ ಉತ್ತರಕ್ಕೆ ನಿಲ್ಲಬೇಡಿ.

ಮೊದಲ ದವಡೆಹಲ್ಲು ಮತ್ತು ಬಾಚಿಹಲ್ಲಿಗಷ್ಟೇ ಬರುವ ಇನ್ನೊಂದು ಎನಾಮಲ್ ದೋಷವಿದೆ, ದಂತವೈದ್ಯರು ಅದನ್ನು ಎಂಐಎಚ್ ಎನ್ನುತ್ತಾರೆ. ಅದರ ಮಚ್ಚೆಗೆ ಅಂಚು ಸ್ಪಷ್ಟ. ಒಂದು ದವಡೆಹಲ್ಲು ಪುಡಿಯಾಗುತ್ತಿದ್ದರೆ ಎದುರುಗಡೆಯದು ಚೆನ್ನಾಗಿಯೇ ಇರಬಹುದು. ವಂಶವಾಹಿ ಎನಾಮಲ್ ದೋಷದಲ್ಲಿ ಹಾಲುಹಲ್ಲು, ಶಾಶ್ವತ ಹಲ್ಲು ಎನ್ನದೆ ಎಲ್ಲವೂ ಹಾಳಾಗಿರುತ್ತವೆ, ಮನೆಯಲ್ಲಿ ಇನ್ನಾರಿಗಾದರೂ ಹಾಗೇ ಇರುತ್ತದೆ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟಿದ್ದರೆ ಬೂದು, ಕಂದು ಪಟ್ಟೆ ಬರುತ್ತದೆ. ವಸಡಿನ ಅಂಚಿಗೆ ಅಂಟಿಕೊಂಡ ಸುಣ್ಣಬಿಳಿ ಕಲೆ ಹುಳುಕಿನ ಆರಂಭ.

ಹಂತ 5: ಹುಣ್ಣುಗಳ ಲೆಕ್ಕ ಇಡಿ

ಬಾಯಿಹುಣ್ಣು ಯಾರಿಗೆ ಬರುವುದಿಲ್ಲ? ಒಂದು ಹುಣ್ಣು ಏನನ್ನೂ ಹೇಳುವುದಿಲ್ಲ. ಮತ್ತೆ ಮತ್ತೆ ಮರಳುವ ಹುಣ್ಣು ಮಾತ್ರ ಮುಖ್ಯ. ಸೀಲಿಯಾಕ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ದುಂಡಗಿನ, ನಡುವೆ ಹಳದಿ ಮಿಶ್ರಿತ ಬಿಳಿ, ಸುತ್ತ ಕೆಂಪು ಅಂಚಿನ ಹುಣ್ಣು. ತುಟಿ ಮತ್ತು ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಹಾಗೂ ಅಂಚು ಅದರ ಜಾಗಗಳು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ 7ರಿಂದ 14 ದಿನದಲ್ಲಿ ಕಲೆಯುಳಿಯದೆ ಮಾಯುತ್ತದೆ. ಅದಕ್ಕಿಂತ ದೊಡ್ಡದು ವಾರಗಟ್ಟಲೆ ಕಾಡಿ ಕಲೆ ಬಿಟ್ಟುಹೋಗಬಹುದು. ಸಾಸಿವೆಯಷ್ಟು ಸಣ್ಣ ಹುಣ್ಣುಗಳು ಗುಂಪಾಗಿ ಏಳುವುದೂ ಉಂಟು.

ಕ್ಯಾಲೆಂಡರಿನಲ್ಲಿ ಹುಣ್ಣು ಎದ್ದ ದಿನ, ಮಾಯ್ದ ದಿನ, ಜಾಗ, ಎಣಿಕೆ ಬರೆದಿಡಿ. ಎರಡು ಮೂರು ತಿಂಗಳ ಲೆಕ್ಕ ಸಿಕ್ಕರೆ ವೈದ್ಯರಿಗೆ ಸಾಕಷ್ಟು ಆಧಾರ ಸಿಕ್ಕಂತೆ. ಹುಣ್ಣಿಗೆ ಹಲವು ಕಾರಣಗಳಿವೆ: ಹಲ್ಲಿನ ಚೂಪು ಅಂಚು, ಕಬ್ಬಿಣಾಂಶ, ಫೋಲೇಟ್ ಅಥವಾ ಬಿ12 ಕೊರತೆ, ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆ, ರಕ್ತನಾಳಗಳ ಉರಿಯೂತದ ಬೆಹ್ಚೆಟ್ ಕಾಯಿಲೆ. ಗಮನಿಸಬೇಕಾದ ವಿಷಯ, ಕಬ್ಬಿಣಾಂಶದ ಕೊರತೆಯೇ ಸೀಲಿಯಾಕ್‌ನಿಂದ ಬಂದಿರಬಹುದು. ಕಬ್ಬಿಣದ ಮಾತ್ರೆ ತಿಂದಾಗ ಹುಣ್ಣು ಕಡಿಮೆಯಾಗಿ, ಬಿಟ್ಟ ಕೆಲವು ತಿಂಗಳಿಗೆ ಮತ್ತೆ ಶುರುವಾದರೆ, ‘ಕಬ್ಬಿಣ ಎಲ್ಲಿಗೆ ಹೋಗುತ್ತಿದೆ?’ ಎಂದು ಕೇಳಲೇಬೇಕು.

ಒಂದೇ ಜಾಗದ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಅಂಚು ಗಟ್ಟಿಯಾಗಿದ್ದರೆ, ನೋವಿಲ್ಲದೆ ಬೆಳೆಯುತ್ತಿದ್ದರೆ ಈ ಲೆಕ್ಕಾಚಾರವನ್ನೆಲ್ಲ ಬಿಟ್ಟು ಕೂಡಲೇ ತಜ್ಞರಿಗೆ ತೋರಿಸಿ. ಅದು ಬಾಯಿಯ ಕ್ಯಾನ್ಸರ್ ಅಲ್ಲವೆಂದು ಖಾತ್ರಿಯಾಗುವುದು ಮೊದಲ ಕೆಲಸ.

ಹಂತ 6: ನಾಲಿಗೆ, ತುಟಿಯ ಮೂಲೆ, ಜೊಲ್ಲು

ನಾಲಿಗೆ ಹೊರಚಾಚಿ ನೋಡಿ. ಮೇಲಿನ ಸಣ್ಣ ಉಬ್ಬುಗಳು ಅಳಿಸಿಹೋಗಿ ನಯವಾಗಿ, ಕೆಂಪಗೆ, ಹೊಳೆಯುವಂತಿದ್ದರೆ ಅದು ಕಬ್ಬಿಣಾಂಶ, ಫೋಲೇಟ್ ಅಥವಾ ಬಿ12 ಕೊರತೆಯ ಗುರುತು. ಖಾರ, ಬಿಸಿ ತಾಗಿದರೆ ಉರಿಯುತ್ತದೆ. ತುಟಿಯ ಎರಡೂ ಮೂಲೆ ಒಡೆದು ಬಿರಿಯುವುದೂ ಅದೇ ಕೊರತೆಗಳಿಂದ ಆಗಬಹುದು, ಅಲ್ಲಿ ಶಿಲೀಂಧ್ರ ಸೋಂಕು ಸೇರಿಕೊಳ್ಳುವುದೂ ಸಾಮಾನ್ಯ. ಬಾಯಿ ಸದಾ ಒಣಗುತ್ತಿದ್ದು ಕಣ್ಣೂ ಒಣಗುತ್ತಿದ್ದರೆ ಜೊಲ್ಲು, ಕಣ್ಣೀರಿನ ಗ್ರಂಥಿಗಳನ್ನು ಕೆಡಿಸುವ ಷೋಗ್ರೆನ್ ಕಾಯಿಲೆಯನ್ನೂ ನೆನಪಿಸಿಕೊಳ್ಳಬೇಕು, ಅದು ಸೀಲಿಯಾಕ್ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ಮಕ್ಕಳಲ್ಲಿ ಹಲ್ಲು ತಡವಾಗಿ ಮೂಡುವುದು ಮತ್ತೊಂದು ಸುಳಿವು, ಎತ್ತರವೂ ಕುಂಠಿತವಾಗಿದ್ದರೆ ಅದಕ್ಕೆ ಬಲ ಬರುತ್ತದೆ.

ಹಂತ 7: ಬಾಯಿಯಿಂದಾಚೆಗೂ ನೋಡಿ

ಬಾಯಿಯಲ್ಲಿ ಕಂಡದ್ದನ್ನು ಒಂಟಿಯಾಗಿ ತೂಗಬೇಡಿ. ಕಾರಣ ತಿಳಿಯದ ರಕ್ತಹೀನತೆ, ಬಿಡದ ಸುಸ್ತು, ಮಗುವಿನ ಬೆಳವಣಿಗೆ ನಿಂತಿರುವುದು, ಪದೇ ಪದೇ ಗರ್ಭಪಾತ, ಚಿಕ್ಕ ವಯಸ್ಸಿಗೇ ಮೂಳೆ ಸವೆತ, ಮೊಣಕೈ ಮೊಣಕಾಲುಗಳ ಮೇಲೆ ವಿಪರೀತ ತುರಿಸುವ ಗುಳ್ಳೆ, ಟೈಪ್ 1 ಮಧುಮೇಹ, ಥೈರಾಯ್ಡಿನ ಸ್ವಯಂನಿರೋಧಕ ಕಾಯಿಲೆ, ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇವುಗಳಲ್ಲಿ ಯಾವುದಾದರೂ ಜೊತೆಗಿದೆಯೇ? ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಸೀಲಿಯಾಕ್ ಇದೆಯೇ? ಇದ್ದರೆ ಪರೀಕ್ಷೆಗೆ ಕಾರಣ ದುಪ್ಪಟ್ಟಾಗುತ್ತದೆ.

ವೈದ್ಯರಿಗೆ ಚಿಕಿತ್ಸಾ ಸಲಹೆ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ, ತೀವ್ರವಾದ ಅಥವಾ ಬಿಡದೆ ಕಾಡುವ ಬಾಯಿಹುಣ್ಣು ಇದ್ದವರಿಗೆ ಸೀಲಿಯಾಕ್ ಪರೀಕ್ಷೆ ಮಾಡಿಸಿ ಎನ್ನುತ್ತದೆ, ಎನಾಮಲ್ ದೋಷ ಇದ್ದವರಿಗೆ ಪರೀಕ್ಷೆಯ ಬಗ್ಗೆ ಯೋಚಿಸಿ ಎನ್ನುತ್ತದೆ. ‘ಹಲ್ಲು ನೋಡಿ ಕರುಳಿನ ಪರೀಕ್ಷೆ ಕೇಳುವುದೇ?’ ಎಂಬ ಹಿಂಜರಿಕೆ ಬೇಡ.

ಹಂತ 8: ಪರೀಕ್ಷೆಗೆ ಹೋಗುವಾಗ

ದಂತವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ವೈದ್ಯರ ಬಳಿ ಹೋಗಿ. ಮಕ್ಕಳಾದರೆ ಮಕ್ಕಳ ತಜ್ಞರು, ದೊಡ್ಡವರಾದರೆ ಜಠರ ಮತ್ತು ಕರುಳಿನ ತಜ್ಞರು. ಕೇಳಬೇಕಾದ ಮೊದಲ ರಕ್ತಪರೀಕ್ಷೆ ಟಿಟಿಜಿ ಐಜಿಎ (ಸೀಲಿಯಾಕ್‌ನಲ್ಲಿ ಏರುವ ಪ್ರತಿಕಾಯದ ಅಳತೆ), ಅದರ ಜೊತೆಗೇ ಒಟ್ಟು ಐಜಿಎ ಪ್ರಮಾಣ. ಈ ಎರಡನೆಯದನ್ನು ಮರೆಯಬಾರದು. ಕೆಲವರ ದೇಹದಲ್ಲಿ ಐಜಿಎ ಪ್ರತಿಕಾಯವೇ ತಯಾರಾಗುವುದಿಲ್ಲ, ಸೀಲಿಯಾಕ್ ಇರುವವರಲ್ಲಿ ಇಂಥವರು ಉಳಿದವರಿಗಿಂತ ಹೆಚ್ಚು. ಅವರಲ್ಲಿ ಟಿಟಿಜಿ ಐಜಿಎ ‘ನೆಗೆಟಿವ್’ ಬಂದರೆ ಅದಕ್ಕೆ ಅರ್ಥವಿಲ್ಲ, ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಆಧರಿಸಿದ ಪರೀಕ್ಷೆ ಬೇಕಾಗುತ್ತದೆ.

ಪರೀಕ್ಷೆಗೆ ಮುಂಚೆ ಎಷ್ಟು ಗ್ಲುಟೆನ್ ತಿಂದಿರಬೇಕು? ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ, ಕನಿಷ್ಠ 6 ವಾರ ಎಂಬುದು ಅದೇ ನೈಸ್ ಸಲಹೆ. ಈಗಾಗಲೇ ಬಿಟ್ಟುಬಿಟ್ಟಿದ್ದರೆ ಮತ್ತೆ ಶುರುಮಾಡುವುದನ್ನು ನಿಮ್ಮಷ್ಟಕ್ಕೆ ಮಾಡಬೇಡಿ, ವೈದ್ಯರ ಜೊತೆ ಮಾತಾಡಿ.

ಪ್ರತಿಕಾಯ ಹೆಚ್ಚಿದ್ದರೆ ದೊಡ್ಡವರಿಗೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ಹಲವು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಕ್ಕಳಲ್ಲಿ, ಯುರೋಪಿನ ಮಕ್ಕಳ ಜಠರ–ಕರುಳು ತಜ್ಞರ ಸಂಘದ 2020ರ ಮಾರ್ಗಸೂಚಿಯಂತೆ, ಟಿಟಿಜಿ ಐಜಿಎ ಸಾಮಾನ್ಯ ಮಿತಿಯ 10 ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಇನ್ನೊಮ್ಮೆ ತೆಗೆದ ರಕ್ತದಲ್ಲಿ ಇಎಂಎ ಎಂಬ ಮತ್ತೊಂದು ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೇ ಕಾಯಿಲೆಯನ್ನು ಖಚಿತಪಡಿಸಬಹುದು. ಎಚ್‌ಎಲ್‌ಎ ಡಿಕ್ಯು2, ಡಿಕ್ಯು8 ಎಂಬ ವಂಶವಾಹಿಗಳ ಪರೀಕ್ಷೆ ‘ಇಲ್ಲ’ ಎನ್ನಲು ಉಪಯುಕ್ತ, ‘ಇದೆ’ ಎನ್ನಲು ಅಲ್ಲ. ಎರಡೂ ಇಲ್ಲದವರಿಗೆ ಸೀಲಿಯಾಕ್ ಇರುವುದು ಬಹಳ ಅಪರೂಪ, ಆದರೆ ಇವನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ.

ಹಂತ 9: ಕಾಯಿಲೆ ಖಚಿತವಾದ ಮೇಲೆ ಬಾಯಿಯ ಆರೈಕೆ

ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟೆನ್ ಇಲ್ಲದ ಆಹಾರ. ಗ್ಲುಟೆನ್‌ಮುಕ್ತ ಎಂದು ಬರೆಯಲು ಅಂತರರಾಷ್ಟ್ರೀಯ ಆಹಾರ ಸಂಹಿತೆ ಕೊಡೆಕ್ಸ್ ಒಪ್ಪುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಪಥ್ಯ ಶುರುವಾದ ಮೇಲೆ ಬಹಳಷ್ಟು ಜನರಲ್ಲಿ ಹುಣ್ಣುಗಳು ಅಪರೂಪವಾಗುತ್ತವೆ, ಕೊರತೆಗಳು ನೀಗಿದಂತೆ ನಾಲಿಗೆಯೂ ತುಟಿಯ ಮೂಲೆಯೂ ಸರಿಹೋಗುತ್ತವೆ. ಎಲ್ಲರಲ್ಲೂ ಪೂರ್ತಿ ನಿಲ್ಲುತ್ತದೆ ಎಂದು ಭರವಸೆ ಕೊಡಲಾಗದು. ತಿಂಗಳುಗಟ್ಟಲೆ ಬಾರದ ಹುಣ್ಣು ಇದ್ದಕ್ಕಿದ್ದಂತೆ ಮರಳಿದರೆ ಮೊದಲು ಅಡುಗೆಮನೆಯನ್ನು ಶೋಧಿಸಿ: ಹಂಚಿಕೊಂಡ ಪಾತ್ರೆ, ಬೆರಕೆಯಾದ ಓಟ್ಸ್, ಹೊಸದಾಗಿ ತಂದ ಪೊಟ್ಟಣ. ಅಲ್ಲೇನೂ ಸಿಗದಿದ್ದರೆ ಕಬ್ಬಿಣಾಂಶ, ಫೋಲೇಟ್ ಮತ್ತು ಬಿ12 ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಹುಣ್ಣಿನ ಕಾಟವಿರುವವರು ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟ್ ಬಳಸಿ ನೋಡಬಹುದು, ಕೆಲವರಿಗೆ ಅದರಿಂದ ಉಪಶಮನ ಸಿಗುತ್ತದೆ.

ಎನಾಮಲ್ ಮಾತ್ರ ಮರಳಿ ಬೆಳೆಯದು. ಆದರೆ ಮಗುವಿಗೆ ಬೇಗ ಪಥ್ಯ ಶುರುವಾದಷ್ಟೂ, ದವಡೆಯೊಳಗೆ ಇನ್ನೂ ಕಟ್ಟುತ್ತಿರುವ ಹಲ್ಲುಗಳು ಚೆನ್ನಾಗಿ ಮೂಡುವ ಸಾಧ್ಯತೆ ಹೆಚ್ಚು. ಮೂರು ವರ್ಷಕ್ಕೆ ಪತ್ತೆಯಾದ ಮಗುವಿನ ಕೋರೆಹಲ್ಲು, ಎರಡನೆಯ ದವಡೆಹಲ್ಲುಗಳನ್ನು ಉಳಿಸಿಕೊಳ್ಳಲು ಸಮಯವಿರುತ್ತದೆ. ಪೋಷಕರು ಇದನ್ನು ಸಮಾಧಾನದ ಮಾತೆಂದು ತಿಳಿಯಬಾರದು, ಬೇಗ ಪರೀಕ್ಷೆ ಮಾಡಿಸಲು ಇದೇ ಗಟ್ಟಿ ಕಾರಣ.

ಆಗಲೇ ದೋಷವಿರುವ ಹಲ್ಲಿಗೆ ದಂತವೈದ್ಯರು ಮಾಡಬಹುದಾದದ್ದು ಬಹಳ ಇದೆ. ಫ್ಲೋರೈಡ್ ಲೇಪನ ಜುಮ್ಮೆನ್ನುವುದನ್ನೂ ಹುಳುಕನ್ನೂ ತಡೆಯುತ್ತದೆ. ದವಡೆಹಲ್ಲಿನ ಗುಳಿಗಳಿಗೆ ಸೀಲಂಟ್ ಎಂಬ ರಕ್ಷಣಾ ಲೇಪ ಹಾಕಬಹುದು, ಬಣ್ಣಗೆಟ್ಟ ಬಾಚಿಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಬಹುದು. ತೀರ ಶಿಥಿಲವಾದ ದವಡೆಹಲ್ಲಿಗೆ ಕ್ಯಾಪ್ ಹಾಕಿಸುವುದು ಕೀಳಿಸುವುದಕ್ಕಿಂತ ಮೇಲು. ಮನೆಯಲ್ಲಿ ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ ಉಜ್ಜಿಸಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಪೇಸ್ಟ್, ಬಾಯಿ ತೊಳೆಯುವ ದ್ರಾವಣ, ಔಷಧಗಳ ಪಟ್ಟಿಯಲ್ಲಿ ಗೋಧಿ ಪಿಷ್ಟವೇನಾದರೂ ಇದೆಯೇ ಎಂದು ಓದಿ ನೋಡಿ. ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಆದರೂ ಹಲ್ಲಿನ ಕೆಲಸಕ್ಕೆ ಹೋದಾಗ ನಿಮಗೆ ಸೀಲಿಯಾಕ್ ಇದೆ ಎಂದು ಮೊದಲೇ ತಿಳಿಸಿ.

ಕೊನೆಯದಾಗಿ ಮನೆಯವರ ವಿಷಯ. ಒಬ್ಬರಿಗೆ ಖಚಿತವಾದರೆ ಅವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇರುವ ಸಾಧ್ಯತೆಯಿದೆ. ತೊಂದರೆ ಏನೂ ಇಲ್ಲವೆನ್ನುವವರಿಗೂ ರಕ್ತಪರೀಕ್ಷೆ ಮಾಡಿಸಿ. ಇಂದು ‘ಇಲ್ಲ’ ಎಂದು ಬಂದರೆ ಮುಂದೆಯೂ ಬಾರದು ಎಂದಲ್ಲ, ವಂಶವಾಹಿ ಇರುವವರಲ್ಲಿ ಅದು ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಪರೀಕ್ಷೆ ಯಾವಾಗ ಪುನರಾವರ್ತಿಸಬೇಕೆಂದು ವೈದ್ಯರನ್ನು ಕೇಳಿ, ದಿನಾಂಕ ಬರೆದಿಟ್ಟುಕೊಳ್ಳಿ.